ಸಹಾಯ ಬೇಕು: ಸೈಟ್ ಮಾಲೀಕರ ಸಂಘದ ಚುನಾವಣೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿ ಕಡೆ ನಮ್ಮದೊಂದು ಸೈಟ್ ಇದೆ. ಬಡಾವಣೆಯ ಮಾಲೀಕರ ಸಂಘಕ್ಕೆ ಮುಂದಿನ ತಿಂಗಳು ಚುನಾವಣೆ. ಅರ್ಧಕ್ಕರ್ಧ ಜನ ಬೆಂಗಳೂರು, ಅಮೆರಿಕ ಅಂತ ಹೊರಗಿದ್ದಾರೆ. ಹೋದ ಸಲ ಅವರಿಗೆ ಆನ್‌ಲೈನ್ ಫಾರ್ಮ್ ಕಳಿಸಿದ್ದರು. ಲಿಂಕ್ ಸಿಕ್ಕವರೆಲ್ಲ ಒತ್ತಿದ್ದೇ ಒತ್ತಿದ್ದು! ಸೈಟ್ ಮಾರಿ ಹೋದವರ ಹೆಸರಲ್ಲೂ ವೋಟು ಬಿದ್ದಿತ್ತು. ಮತಪೆಟ್ಟಿಗೆ ರಾತ್ರಿಯಿಡೀ ಒಬ್ಬ ಅಭ್ಯರ್ಥಿಯ ಮನೆಯಲ್ಲೇ ಇತ್ತು. ಅವರು ಒಳ್ಳೆಯವರೇ. ಆದರೂ ಸೋತವರು ಸುಮ್ನೆ ಇರುತ್ತಾರಾ?

ಈ ಸಲ ಅಂಚೆ ವೋಟಿಗೆ ಎರಡು ಲಕೋಟೆ ಇಡೋಣ ಅಂತಿದ್ದೇನೆ. ಹೊರಗಿನದರ ಮೇಲೆ ಸೈಟ್ ನಂಬರ್, ಸಹಿ. ಒಳಗಿನದರ ಮೇಲೆ ಏನೂ ಇಲ್ಲ. ಸಹಿ ತಾಳೆ ನೋಡಿ, ಒಳಗಿನದನ್ನು ಹಾಗೇ ಪೆಟ್ಟಿಗೆಗೆ ಹಾಕುವುದು. ಯಾರಾದರೂ ಹೀಗೆ ಮಾಡಿದ್ದೀರಾ? ಎಣಿಕೆಗೆ ಹೊರಗಿನವರನ್ನು ಕರೆಸಿದ್ದೀರಾ? ಇನ್ನೊಂದು ತಲೆನೋವು, ಜಂಟಿ ಹೆಸರಿನ ಸೈಟಿಗೆ ಗಂಡ ಹೆಂಡತಿ ಇಬ್ಬರೂ ವೋಟು ಕೇಳುತ್ತಿದ್ದಾರೆ. ನಮ್ಮ ಬೈಲಾದಲ್ಲಿ ಆ ಬಗ್ಗೆ ಒಂದಕ್ಷರ ಇಲ್ಲ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಂ ಪ್ರಕಾರ, ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ಮಾಡಬೇಕು. ಅಲ್ಲಿವರೆಗೆ ಹೋಗುವುದು ಬೇಡ ಅಲ್ವಾ? ನಿಮ್ಮ ಸಂಘದ ಚುನಾವಣಾ ನಿಯಮದ ಪ್ರತಿ ಇದ್ದರೆ ದಯವಿಟ್ಟು ಕಳಿಸಿ. ನೋಟಿಸ್ ಹೊರಡುವುದರೊಳಗೆ ಬೇಕು.