ಸಹಾಯ ಬೇಕು: ನಮ್ಮ ಬೈಬಲ್ ಮಾಸ್ತರರ ಪಾಠದ ಕ್ಯಾಸೆಟ್‌ಗಳು

ಎಲ್ಲರಿಗೂ ವಂದನೆಗಳು. ಗುಳೇದಗುಡ್ಡದ ನಮ್ಮ ಸಭೆಯಲ್ಲಿ ಬಹುಕಾಲ ಬುಧವಾರ ಸಂಜೆಯ ಬೈಬಲ್ ಪಾಠ ನಡೆಸಿದ, ನನಗೆ ಗುರುವೂ ಗೆಳೆಯರೂ ಆಗಿದ್ದ ಮಾಸ್ತರರು ಕಳೆದ ತಿಂಗಳು ಪ್ರಭುವಿನಲ್ಲಿ ನಿದ್ರೆಹೋದರು. ನೇಕಾರರ ಮನೆಯಲ್ಲಿ ಬೆಳೆದ ಅವರ ಬೈಬಲ್ಲಿಗೆ ಖಣದ ಬಟ್ಟೆಯ ಹೊದಿಕೆಯಿತ್ತು. ಅದರ ಅಂಚು ಬೆರಳು ತಾಗಿ ತಾಗಿ ನುಣುಪಾಗಿತ್ತು.

176 ವಚನಗಳ 119ನೆಯ ಕೀರ್ತನೆಯನ್ನು ಅವರು ವಾರಕ್ಕೆ ಎಂಟೆಂಟು ವಚನಗಳಂತೆ 22 ವಾರ ಕಲಿಸಿದರು. ಹೀಬ್ರೂ ಮೂಲದಲ್ಲಿ ಪ್ರತಿ ಭಾಗದ ಎಂಟೂ ವಚನಗಳು ಒಂದೇ ಅಕ್ಷರದಿಂದ ಆರಂಭವಾಗುತ್ತವೆ ಎಂಬುದನ್ನು ವಿವರಿಸುತ್ತ, "ಅಕ್ಷರ ಹಾಸು, ಪ್ರಾರ್ಥನೆ ಹೊಕ್ಕು" ಎಂದು ಕೈಯಲ್ಲೇ ಲಾಳಿ ಆಡಿಸಿ ತೋರಿಸುತ್ತಿದ್ದರು. (ಪಾಠ ತಪ್ಪಿಸಿದವರ ಮನೆಗೆ ಮರುದಿನವೇ ಚಹಾದ ನೆಪದಲ್ಲಿ ಬರುತ್ತಿದ್ದರು, ಆ ಭಯದಿಂದಲೇ ನಾನು ಹಾಜರಾಗುತ್ತಿದ್ದೆ.)

ಆ ಪಾಠಗಳ ಆರು ಕ್ಯಾಸೆಟ್‌ಗಳು ನನ್ನಲ್ಲಿವೆ. ಎರಡರ ಟೇಪಿಗೆ ಬೂಷ್ಟು ಹಿಡಿದಿದೆ. ಟೇಪನ್ನು ಹಾಳುಮಾಡದೆ ಸ್ವಚ್ಛಗೊಳಿಸಿ ಮೊಬೈಲಿನಲ್ಲಿ ಕೇಳುವಂತೆ ಮಾಡಿಕೊಡುವವರು ಬಾಗಲಕೋಟೆ ಅಥವಾ ವಿಜಯಪುರದಲ್ಲಿದ್ದರೆ ದಯವಿಟ್ಟು ತಿಳಿಸಿರಿ. ತಗಲುವ ಖರ್ಚನ್ನು ನಾನೇ ಕೊಡುತ್ತೇನೆ. ಹದಿನಾಲ್ಕನೆಯ ವಾರದಿಂದ ಮುಂದಿನ ಪಾಠಗಳ ಟಿಪ್ಪಣಿ ಯಾರ ನೋಟುಬುಕ್ಕಿನಲ್ಲಾದರೂ ಇದ್ದರೆ, ಅಕ್ಷರ ಹೇಗೇ ಇರಲಿ, ಪುಟಗಳ ಫೋಟೋ ಕಳುಹಿಸಬೇಕೆಂದು ವಿನಂತಿಸುತ್ತೇನೆ.