ಹೊಟ್ಟೆಯ ಗಡ್ಡೆಗೆ ಕಾರ್-ಟಿ ಆಗುತ್ತದಾ?

ಬದಿಯಡ್ಕದವ:
ಸೋದರಮಾವನಿಗೆ ಜಠರದ ಕ್ಯಾನ್ಸರ್. ಎರಡು ಬಗೆಯ ಕೀಮೋ ಮುಗಿಯಿತು. ಮೊನ್ನೆ ಅಂಗಳದಲ್ಲಿ ಅಡಿಕೆ ಹರವುತ್ತಾ, "ಮುಂಬೈಯಲ್ಲಿ ನಮ್ಮದೇ ರಕ್ತದಿಂದ ಮದ್ದು ಮಾಡ್ತಾರಂತೆ, ನನಗಾಗದಾ ಮಾರಾಯ?" ಅಂದರು. ಡಾಕ್ಟ್ರು ತಲೆಯಾಡಿಸಿದರೇ ಹೊರತು ಯಾಕೆಂದು ಹೇಳಲಿಲ್ಲ.

ಕುಂಬಳೆ ಲ್ಯಾಬಿನವಳು:
ಅದು ನೆಕ್ಸ್‌ಕಾರ್19. ಕಾರ್-ಟಿ ಅಂದರೆ ರೋಗಿಯದೇ ರಕ್ತದ ಟಿ-ಕೋಶಗಳನ್ನು (ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣ) ತೆಗೆದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ಬದಲಿಸಿ ಮರಳಿ ಹಾಕುವುದು. ಇದನ್ನು ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ಮಾಡಿದ್ದು, 2023ರಲ್ಲಿ ಅನುಮತಿ ಸಿಕ್ಕಿತು. ಬಿ-ಕೋಶದ ರಕ್ತಕ್ಯಾನ್ಸರ್‌ಗೆ ಮಾತ್ರ. ಬಿ-ಕೋಶವೂ ಒಂದು ಬಗೆಯ ಬಿಳಿ ರಕ್ತಕಣ, ಅದರ ಮೈಮೇಲೆ ಸಿಡಿ19 ಎಂಬ ಪ್ರೋಟೀನ್ ಇರುತ್ತದೆ. ಆ ಗುರುತಿದ್ದ ಕೋಶವನ್ನೆಲ್ಲ ಈ ಮದ್ದು ಕೊಲ್ಲುತ್ತದೆ. ಒಳ್ಳೆಯ ಬಿ-ಕೋಶವೂ ಹೋಗುತ್ತದೆ, ಆದರೂ ಮನುಷ್ಯ ಬದುಕುತ್ತಾನೆ. ಜಠರದ ಗಡ್ಡೆಯ ಗುರುತು ಅಲ್ಲಿನ ಒಳ್ಳೆಯ ಕೋಶದಲ್ಲೂ ಇರಬಹುದು, ಒಳಪದರವೇ ಹೋದರೆ ಹಾಗಲ್ಲವಲ್ಲ! ಮೇಲಾಗಿ ಗಡ್ಡೆಯೊಳಗೆ ನುಗ್ಗುವುದೇ ಕಷ್ಟ. ನುಗ್ಗಿದ ಟಿ-ಕೋಶಗಳೂ ಅಲ್ಲಿ ದಣಿದುಬಿಡುತ್ತವೆ.

ಪೆರ್ಲದ ಭಟ್ರು:
ಪೂರ್ತಿ ಕೈಬಿಡಬೇಡಿ. ಕೆಲವರ ಜಠರದ ಗಡ್ಡೆಯ ಕೋಶಗಳ ಮೇಲಿರುವ ಕ್ಲಾಡಿನ್ 18.2 ಎಂಬ ಪ್ರೋಟೀನನ್ನು ಗುರುತಿಟ್ಟುಕೊಂಡು ಚೀನಾದಲ್ಲಿ ಇಂಥ ರೋಗಿಗಳ ಮೇಲೇ ಕಾರ್-ಟಿ ಪ್ರಯೋಗ ನಡೆದಿದೆ, 2025ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ರೋಗ ಮತ್ತೆ ಬೆಳೆಯದೆ ನಿಂತ ಅವಧಿ ಸುಮಾರು 3.25 ತಿಂಗಳು, ಬೇರೆ ಮದ್ದಿನವರಲ್ಲಿ 1.77. ಸಣ್ಣ ಲೆಕ್ಕವೇ, ಮಾವನಿಗೆ ದೊಡ್ಡ ಆಸೆ ಹುಟ್ಟಿಸಬೇಡಿ. ಈಗ ಟಿ-ಕೋಶಕ್ಕೆ ಐಎಲ್-18ನಂಥ (ರೋಗನಿರೋಧಕ ಕೋಶಗಳನ್ನು ಚುರುಕಾಗಿಸುವ ಪ್ರೋಟೀನ್) ಉತ್ತೇಜಕವನ್ನೂ ಕಟ್ಟಿ ಕಳಿಸಿ ನೋಡುತ್ತಿದ್ದಾರೆ. ಬಯಾಪ್ಸಿಯಲ್ಲಿ ಆ ಗುರುತು ಉಂಟಾ ಅಂತ ಮೊದಲು ಕೇಳಿ.

ಬದಿಯಡ್ಕದವ:
ಬಯಾಪ್ಸಿಯ ತುಣುಕಿಟ್ಟ ಮೇಣದ ಬ್ಲಾಕ್ ಮಂಗಳೂರಿನಲ್ಲೇ ಉಂಟಂತೆ. ಸೋಮವಾರ ಬೆಳಗಿನ ಬಸ್ಸಿಗೆ ಹೋಗ್ತೇನೆ.