ಕ್ರೋಮ್‌ನ ಸ್ಯಾಂಡ್‌ಬಾಕ್ಸ್ ದೋಷ: ಬ್ರೌಸರ್ ಬದಲಿಸಿದರೆ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಸಹಕಾರ ಸಂಘದ ಕಚೇರಿಯ ವಿಂಡೋಸ್ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. 2025ರ ಮಾರ್ಚ್‌ನಲ್ಲಿ ಬಯಲಾದ ಕ್ರೋಮ್ ದೋಷದಿಂದಾಗಿ, ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದ ಮಾತ್ರಕ್ಕೆ ಕಂಪ್ಯೂಟರಿಗೆ ಮಾಲ್‌ವೇರ್ ಸೇರುತ್ತಿತ್ತೆಂದು ಓದಿದೆ. ವೆಬ್ ಪುಟದ ಕೋಡನ್ನು ಕಂಪ್ಯೂಟರಿನ ಉಳಿದ ಭಾಗದಿಂದ ಬೇರ್ಪಡಿಸಿಡುವ ಸ್ಯಾಂಡ್‌ಬಾಕ್ಸ್ ಇದ್ದೂ ಇದು ಹೇಗಾಯಿತು? ಎಲ್ಲರಿಗೂ ಫೈರ್‌ಫಾಕ್ಸ್ ಹಾಕಿಕೊಟ್ಟರೆ ಸಾಕೇ?

ಉತ್ತರ: ನೀವು ಓದಿದ್ದು ನಿಜ. ಸಿವಿಇ-2025-2783 ಎಂಬ ಗುರುತು ಸಂಖ್ಯೆಯ ಈ ದೋಷವನ್ನು ಸೈಬರ್ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿಯ ಸಂಶೋಧಕರು ಪತ್ತೆಹಚ್ಚಿದರು. ‘ಪ್ರಿಮಕೋವ್ ರೀಡಿಂಗ್ಸ್’ ಗೋಷ್ಠಿಯ ಆಹ್ವಾನದ ಸೋಗಿನ ಆ ಇಮೇಲ್‌ಗಳು ರಷ್ಯಾದ ಮಾಧ್ಯಮ, ಶಿಕ್ಷಣ ಮತ್ತು ಸರ್ಕಾರಿ ಸಂಸ್ಥೆಗಳಿಗೆ ಹೋಗಿದ್ದವು.

ವೆಬ್ ಪುಟದ ಕೋಡ್ ಓಡುವ ರೆಂಡರರ್ ಪ್ರಕ್ರಿಯೆಗೆ ಅಧಿಕಾರ ತೀರಾ ಕಡಿಮೆ. ಬೇಕಾದುದನ್ನು ಅದು ಬ್ರೌಸರಿನ ಮುಖ್ಯ ಪ್ರಕ್ರಿಯೆಯಿಂದ ಕೇಳಿ ಪಡೆಯಬೇಕು. ಈ ಕೇಳಿಕೆಗಳು ‘ಮೋಜೋ’ ಎಂಬ ವ್ಯವಸ್ಥೆಯ ಮೂಲಕ ಸಾಗುತ್ತವೆ, ಅವುಗಳ ಜೊತೆಗೆ ವಿಂಡೋಸ್ ಹ್ಯಾಂಡಲ್‌ಗಳನ್ನೂ (ಫೈಲ್, ಪ್ರಕ್ರಿಯೆ ಮುಂತಾದವನ್ನು ಬಳಸಲು ವಿಂಡೋಸ್ ಕೊಡುವ ಗುರುತು ಸಂಖ್ಯೆಗಳು) ಕಳುಹಿಸಬಹುದು. ವಿಂಡೋಸ್‌ನಲ್ಲಿ -2 ಎಂಬ ಹ್ಯಾಂಡಲ್ ಬೆಲೆಗೆ ‘ಈಗ ಓಡುತ್ತಿರುವ ಥ್ರೆಡ್’ (ಥ್ರೆಡ್ ಎಂದರೆ ಪ್ರಕ್ರಿಯೆಯೊಳಗೆ ಕೋಡ್ ಓಡುವ ಒಂದು ಎಳೆ) ಎಂಬ ವಿಶೇಷ ಅರ್ಥವಿದ್ದು, ಅದನ್ನು ಬಳಸಿದವರದೇ ಥ್ರೆಡ್ಡನ್ನು ಅದು ಸೂಚಿಸುತ್ತದೆ. ಕ್ರೋಮ್ ಇಂಥದೇ ಇನ್ನೊಂದು ವಿಶೇಷ ಬೆಲೆಯಾದ -1ನ್ನು ತಡೆಯುತ್ತಿತ್ತಾದರೂ -2ನ್ನು ತಡೆಯುತ್ತಿರಲಿಲ್ಲವಾದ್ದರಿಂದ, ರೆಂಡರರ್ ಅದನ್ನು ಕಳುಹಿಸಿದಾಗ ಮುಖ್ಯ ಪ್ರಕ್ರಿಯೆಯು ತನ್ನದೇ ಥ್ರೆಡ್‌ನ ನಿಜವಾದ ಹ್ಯಾಂಡಲ್ಲನ್ನು ನಕಲಿಸಿ ರೆಂಡರರಿನ ಕೈಗೆ ಕೊಟ್ಟುಬಿಡುತ್ತಿತ್ತು. ಆಮೇಲೆ ಆ ಥ್ರೆಡ್ಡನ್ನು ನಿಲ್ಲಿಸಿ, ಮುಂದೆ ಯಾವ ಕೋಡ್ ಓಡಬೇಕೆಂಬುದನ್ನು ಹಿಡಿದಿಡುವ ಅದರ ರಿಜಿಸ್ಟರ್‌ಗಳನ್ನು ತಿದ್ದಿ, ದಾಳಿಕೋರರು ಸ್ಯಾಂಡ್‌ಬಾಕ್ಸ್‌ನ ಹೊರಗೆ ತಮ್ಮ ಕೋಡ್ ಓಡಿಸುತ್ತಿದ್ದರು. ಮೆಮೊರಿ ಕೆಡಿಸುವ ಯಾವ ಕಸರತ್ತೂ ಇದಕ್ಕೆ ಬೇಕಿರಲಿಲ್ಲ ಎಂಬುದೇ ನನಗೆ ಹೆಚ್ಚು ಕಳವಳ ತರುವ ಸಂಗತಿ. ರೆಂಡರರನ್ನು ಮೊದಲು ವಶಪಡಿಸಿಕೊಳ್ಳಲು ಬಳಸಿದ ಇನ್ನೊಂದು ಎಕ್ಸ್‌ಪ್ಲಾಯ್ಟ್ (ದೋಷವನ್ನು ದುರ್ಬಳಕೆ ಮಾಡುವ ಕೋಡ್) ಸಂಶೋಧಕರ ಕೈಗೆ ಸಿಗಲಿಲ್ಲ. ಆದರೂ ಈ ಒಂದು ದೋಷವನ್ನು ಮುಚ್ಚಿದ್ದರಿಂದಲೇ ದಾಳಿಯ ಸರಪಳಿ ಕಡಿಯಿತು.

ಕ್ರೋಮ್ ಇದನ್ನು 134.0.6998.177ರಲ್ಲಿ ಸರಿಪಡಿಸಿತು. ಅದನ್ನು ಕಂಡು ಫೈರ್‌ಫಾಕ್ಸ್‌ನವರು ತಮ್ಮ ಕೋಡನ್ನು ಪರಿಶೀಲಿಸಿದಾಗ ಅಲ್ಲಿಯೂ ಇಂಥದೇ ದೋಷ ಸಿಕ್ಕಿತು. ಮಾರ್ಚ್ 27ರಂದು ಅದನ್ನು ಸರಿಪಡಿಸಿದ ಫೈರ್‌ಫಾಕ್ಸ್ 136.0.4 ಆವೃತ್ತಿ ಬಂದಿತು. ಹೀಗಾಗಿ ಬ್ರೌಸರ್ ಬದಲಿಸಿದ್ದರೂ ಆ ದಿನಗಳಲ್ಲಿ ನೀವು ಪೂರ್ತಿ ಸುರಕ್ಷಿತರಾಗಿರುತ್ತಿರಲಿಲ್ಲ.

ಮರುಪ್ರಶ್ನೆ: ಅಪ್‌ಡೇಟ್ ತಾನಾಗಿಯೇ ಆಗುತ್ತದಲ್ಲವೇ, ಸರ್?

ಉತ್ತರ: ಡೌನ್‌ಲೋಡ್ ತಾನಾಗಿ ಆಗುತ್ತದೆ, ಆದರೆ ಬ್ರೌಸರನ್ನು ಮುಚ್ಚಿ ತೆರೆಯುವವರೆಗೆ ಹಳೆಯ ಆವೃತ್ತಿಯೇ ಓಡುತ್ತಿರುತ್ತದೆ. ವಾರಗಟ್ಟಲೆ ಟ್ಯಾಬ್ ತೆರೆದಿಡುವ ಸಿಬ್ಬಂದಿಯ ಕಂಪ್ಯೂಟರುಗಳನ್ನು ದಯವಿಟ್ಟು ಮೊದಲು ನೋಡಿ. ಎಡ್ಜ್ ಕೂಡ ಕ್ರೋಮ್‌ನ ಮೂಲ ಕೋಡ್ ಆದ ಕ್ರೋಮಿಯಂ ಆಧಾರಿತವಾದ್ದರಿಂದ, ಯಾರೂ ಬಳಸದಿದ್ದರೂ ಅದನ್ನು ನವೀಕರಿಸಿ. ವಿಂಡೋಸ್ 7 ಇರುವ ಯಂತ್ರಗಳಲ್ಲಿ ಕ್ರೋಮ್ 109ಕ್ಕೇ ನಿಂತಿದೆ, ಇಂಥ ಪರಿಹಾರಗಳು ಅಲ್ಲಿಗೆ ತಲುಪುವುದೇ ಇಲ್ಲ. ಅವುಗಳನ್ನು ಅಂತರ್ಜಾಲದಿಂದ ಬೇರ್ಪಡಿಸಿ.